ಗ್ರಿಪ್ಪರ್ ಮೀಮಾಂಸೆ

ನವಲಗುಂದದ ಜಮಖಾನೆ ಹಾಸಿ ಕೂತು, ಎದ್ದ ಮೇಲೆ ಸುತ್ತಿಡುವವರಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಬಿಗಿಯುವ ಬ್ರಿಟನ್ನಿನ ಗೃಹಸ್ಥನೇ ಅಧಿಕಾರಿ. ಆ ಕಾರ್ಪೆಟ್ಟಿನ ಅಂಚನ್ನು ಗೋಡೆಯ ಬುಡದಲ್ಲಿ ಕಚ್ಚಿ ಹಿಡಿಯುವುದೇ ಗ್ರಿಪ್ಪರ್. ಅದರ ಲಕ್ಷಣ: ಸುಮಾರು 25 ಮಿ.ಮೀ. ಅಗಲ, ಒಂದೂವರೆ ಮೀಟರ್ ಉದ್ದದ ಪ್ಲೈವುಡ್ ಪಟ್ಟಿ. ಮೈತುಂಬ ಓರೆ ಮುಳ್ಳು. ಮುಳ್ಳಿನ ಮೂತಿ ಗೋಡೆಯ ಕಡೆಗೆ. ಕೋಣೆಯ ಕಡೆಗೆ ತಿರುಗಿಸಿದವರೂ ಉಂಟು. ಅವರ ಮತವನ್ನು ಕಾರ್ಪೆಟ್ಟೇ ಖಂಡಿಸುವುದರಿಂದ ನಾವು ಕೈಹಾಕುವುದಿಲ್ಲ.

ಪಟ್ಟಿ ನೆಟ್ಟಗಿದೆ, ನೆಲ ಇಲ್ಲ. ಸಕಲ ವಿವಾದಗಳ ಮೂಲ ಇದೇ. ಬಿಎಸ್ 8204 ಎಂಬ ಬ್ರಿಟಿಷ್ ಮಾನಕ-ಸ್ಮೃತಿಯು 2 ಮೀಟರ್ ಮಟ್ಟಗೋಲಿನಡಿಯ ಸಂದು ಉತ್ತಮ ನೆಲದಲ್ಲಿ 3 ಮಿ.ಮೀ., ಮಧ್ಯಮದಲ್ಲಿ 5, ಅಧಮದಲ್ಲಿ 10 ದಾಟಕೂಡದೆನ್ನುತ್ತದೆ. ನಡುಗೋಡೆ ಒಡೆದು ಎರಡು ಕೋಣೆ ಒಂದಾಗಿಸಿದ ಮನೆಯ ಕಾಂಕ್ರೀಟು ಈ ಸ್ಮೃತಿಯನ್ನು ಓದಿಲ್ಲ.

ಇಂಥ ನೆಲಕ್ಕೆ ಪಟ್ಟಿ ಕೂರಿಸುವುದು ಹೇಗೆಂಬಲ್ಲಿ ಮತಭೇದ. ಮೊಳೆಯವರು ದ್ವೈತಿಗಳು. ಇವರಿಗೆ ಪಂಚಭೇದ ಸತ್ಯ: ಮೊಳೆಗೂ ಪಟ್ಟಿಗೂ, ಪಟ್ಟಿಗೂ ನೆಲಕ್ಕೂ, ನೆಲಕ್ಕೂ ಅದರೊಳಗಿನ ಜಲ್ಲಿಗೂ, ಜಲ್ಲಿಗೂ ಮೊಳೆಗೂ, ಸುತ್ತಿಗೆಗೂ ಹೆಬ್ಬೆರಳಿಗೂ. ಕೊನೆಯದಕ್ಕೆ ಪ್ರತ್ಯಕ್ಷವೇ ಪ್ರಮಾಣ. ಜಲ್ಲಿಗೆ ತಾಗಿದ ಮೊಳೆ ಒಂದೋ ಬಾಗುತ್ತದೆ, ಇಲ್ಲವೇ ಕಾಂಕ್ರೀಟಿನ ಚಕ್ಕೆ ಎಬ್ಬಿಸಿ ತಾನೂ ಅಲ್ಲಾಡುತ್ತ ನಿಲ್ಲುತ್ತದೆ. ಹ್ಯಾಮರ್ ಡ್ರಿಲ್ಲಿನಿಂದ ತೂತು ಕೊರೆದು, ಮರದ ಬೆಣೆ ತುರುಕಿ, ಬೆಣೆಗೆ ಮೊಳೆ ಹೊಡೆಯುವುದು ಪ್ರಾಯಶ್ಚಿತ್ತ. ನೆಲದೊಳಗೆ ಬಿಸಿನೀರಿನ ಕೊಳವೆ ಹಾಯ್ದ ಮನೆಯಲ್ಲಿ ದ್ವೈತ ನಿಷಿದ್ಧ. ಅಲ್ಲಿ ಮೊಳೆ ಹೊಡೆದವನಿಗೆ ಕಾರಂಜಿಯೇ ಫಲ.

ಅಂಟಿನವರು ಅದ್ವೈತಿಗಳು. ಪಟ್ಟಿಯೂ ನೆಲವೂ ಒಂದೇ, ಭೇದ ತೋರುವುದು ಅಂಟು ಒಣಗುವ ತನಕ ಮಾತ್ರ. ನಡುವೆ ಧೂಳೆಂಬ ಮಾಯೆ ಇದೆ. ಅದನ್ನು ಗುಡಿಸದೆ ಅಂಟು ಬಳಿದವನ ಪಟ್ಟಿ ಧೂಳಿಗೆ ಅಂಟುತ್ತದೆ, ನೆಲಕ್ಕಲ್ಲ. ತಗ್ಗಿನ ಮೇಲೆ ಸೇತುವೆಯಂತೆ ನಿಂತ ಪಟ್ಟಿಗೆ ಅಂಟು ತಲುಪುವುದೇ ಇಲ್ಲ. ಕಾಲಿಟ್ಟಾಗ ಅದು ಕುಗ್ಗಿ, ಎದ್ದು, ಒಂದು ದಿನ ಸೀಳುತ್ತದೆ.

ಲೆವೆಲಿಂಗ್ ಕಾಂಪೌಂಡ್ ಸುರಿದು ನೆಲವನ್ನೇ ತಿದ್ದುವ ಸುಧಾರಣಾವಾದಿಗಳೂ ಇದ್ದಾರೆ. ಅವರ ಕೋಣೆ ಮಟ್ಟವಾಗುತ್ತದೆ, ಬಾಗಿಲು ಮಾತ್ರ ತೆರೆಯುವುದಿಲ್ಲ.

ಇಷ್ಟು ವಾದ ನಡೆಯುವಷ್ಟರಲ್ಲಿ ಕಾರ್ಪೆಟ್ ಮೇಸ್ತ್ರಿ ಪಟ್ಟಿಯನ್ನು ಗೇಣು, ಅರೆಗೇಣು ತುಂಡುಗಳಾಗಿ ಕತ್ತರಿಸಿ, ಡೊಂಕು ನೆಲಕ್ಕೆ ಡೊಂಕಾಗಿಯೇ ಕೂರಿಸಿರುತ್ತಾನೆ. ತುಂಡಿಗೆ ಎರಡು ಮೊಳೆ, ಅಡಿಯಲ್ಲಿ ಒಂದಿಷ್ಟು ಅಂಟು. ಇದು ವಿಶಿಷ್ಟಾದ್ವೈತವೆಂದು ವಿದ್ವಾಂಸರು ಹೆಸರಿಡುವಾಗ ಅವನು ಟೀ ಆಯಿತೇ ಎಂದು ಕೇಳುತ್ತಾನೆ.

ಉಳಿದದ್ದು ಗೋಡೆಗೂ ಪಟ್ಟಿಗೂ ನಡುವೆ ಕಾರ್ಪೆಟ್ಟಿನ ಅಂಚು ತುರುಕುವ ಸಂದಿನ ಪ್ರಶ್ನೆ. ಕಾರ್ಪೆಟ್ಟಿನ ದಪ್ಪಕ್ಕಿಂತ ತುಸು ಕಡಿಮೆ ಇರಲಿ ಎಂಬುದು ಸಂಪ್ರದಾಯ. ಕಿರುಬೆರಳಿನಷ್ಟು ಎಂಬುದು ಪಾಠಾಂತರ. ಯಾರ ಕಿರುಬೆರಳು ಎಂಬುದನ್ನು ಎರಡನೆಯ ಸಂಪುಟದಲ್ಲಿ ವಿಚಾರಿಸಲಾಗುವುದು.