ವರ್ನಿಯರ್ ರಾಯರು

ಭಾನುವಾರ ಬೆಳಿಗ್ಗೆ ಯಲಹಂಕ ನ್ಯೂಟೌನಿನ ದರ್ಶಿನಿಯಲ್ಲಿ ಒಬ್ಬರು ಮಸಾಲೆ ದೋಸೆಯ ಅಂಚನ್ನು ಎತ್ತಿ, ಜೇಬಿನಿಂದ ಉಕ್ಕಿನ ಕೊಕ್ಕೊಂದನ್ನು ತೆಗೆದು ಅದಕ್ಕೆ ಕಚ್ಚಿಸಿ, "ಒಂದೂ ಮುಕ್ಕಾಲು" ಎಂದು ಗೊಣಗಿದರೆ ಗಾಬರಿಯಾಗಬೇಡಿ. ಆ ಕೊಕ್ಕು ದಪ್ಪ ಅಳೆಯುವ ವರ್ನಿಯರ್. ಅವರು ಆಹಾರ ಇಲಾಖೆಯವರಲ್ಲ. ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ರಾಯರು. ಚಾಕು ಮಾಡುತ್ತಾರೆ.

"ಮಾಡುತ್ತಾರೆ" ಎಂದೆನಲ್ಲ, ಅದು ವರ್ತಮಾನ ಕಾಲ. ಭೂತಕಾಲದಲ್ಲಿ ಹೇಳಬಹುದಾದ ಚಾಕುಗಳು ಈ ಮೂರು ವರ್ಷದಲ್ಲಿ ಎರಡೋ ಮೂರೋ.

ಈ ಪಂಗಡದವರು ಈಗ ಆರ್.ಟಿ. ನಗರದಲ್ಲೂ ಸಿಗುತ್ತಾರೆ, ಸಹಕಾರ ನಗರದಲ್ಲೂ ಸಿಗುತ್ತಾರೆ. ಹೆಬ್ಬಾಳದ ಕಡೆಯ ಟೆಕ್ ಪಾರ್ಕಿನಲ್ಲಿ ಐದು ದಿನ ಕಣ್ಣಿಗೆ ಕಾಣದ್ದೇನನ್ನೋ ಮೋಡಕ್ಕೆ ಏರಿಸುತ್ತಾರೆ. ಆರನೆಯ ದಿನ ಕೈಗೆ ತೂಕ ಸಿಗುವಂಥದ್ದು ಬೇಕೆನ್ನಿಸುತ್ತದೆ. ರಾಯರ ಆರನೆಯ ದಿನ ಶನಿವಾರ. ಶನಿವಾರ ಮನೆಗೆ ಕಬ್ಬಿಣ ತರಬಾರದೆಂದು ಅವರ ತಾಯಿಯ ಕಟ್ಟಪ್ಪಣೆ. ಹಾಗಾಗಿ ಯಶವಂತಪುರದಿಂದ ತಂದ ಉಕ್ಕು ಒಂದು ರಾತ್ರಿ ಕಾರಿನ ಡಿಕ್ಕಿಯಲ್ಲೇ ಮಲಗಿ, ಭಾನುವಾರ ಸೂರ್ಯ ಹುಟ್ಟಿದ ಮೇಲೆ ಲಿಫ್ಟ್ ಹತ್ತುತ್ತದೆ. ಶನಿಮಹಾತ್ಮನಿಗೂ ಪಾರ್ಕಿಂಗ್ ಜಾಗ ಕೊಟ್ಟ ಅಪಾರ್ಟ್‌ಮೆಂಟ್ ನಮ್ಮದು.

ಮೊದಲ ಚಾಕು ಎಂ.ಎಸ್. ಪಟ್ಟಿಯದು, ಅಂದರೆ ಮೈಲ್ಡ್ ಸ್ಟೀಲಿನದು. ಹಾರ್ಡ್‌ವೇರ್ ಅಂಗಡಿಯಲ್ಲಿ 3 ಮಿ.ಮೀ. ದಪ್ಪದ್ದು, ಕಿಟಕಿಯ ಗ್ರಿಲ್‌ಗೆ ಹಾಕುವಂಥದ್ದು. ಆಕಾರ ಚೆನ್ನಾಗಿಯೇ ಬಂತು. ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದ್ದೂ ಆಯಿತು. ಆದರೆ ಅದರಲ್ಲಿ ಕಾರ್ಬನ್ನು ನೂರಕ್ಕೆ ಕಾಲು ಭಾಗವೂ ಇರುವುದಿಲ್ಲ. ಎಷ್ಟು ಅದ್ದಿದರೂ ಹದ ಹತ್ತದು. ನುಗ್ಗೆಕಾಯಿ ಹೆಚ್ಚಲು ಹೋದರೆ ಬಾಯಿ ಮಡಚಿಕೊಂಡಿತು. ಮನೆಯಾಕೆ ಅದನ್ನೀಗ ಇಡ್ಲಿ ತಟ್ಟೆಯಿಂದ ಇಡ್ಲಿ ಎಬ್ಬಿಸಲು ಬಳಸುತ್ತಾರೆ. ನನ್ನನ್ನು ಕೇಳಿದರೆ ರಾಯರ ಕೃತಿಗಳಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಅದೊಂದೇ.

ಎರಡನೆಯದಕ್ಕೆ ಲಾರಿಯ ಕಮಾನು ಪಟ್ಟಿಯೇ ಬೇಕೆಂದು ತುಮಕೂರು ರಸ್ತೆಯ ಗುಜರಿಗೆ ಹೋದರು. ಅಂಗಡಿಯವನ ಗ್ರೈಂಡರಿಗೆ ಪಟ್ಟಿಯನ್ನು ತಾಕಿಸಿ ಕಿಡಿ ನೋಡಿದರು. ಎಂ.ಎಸ್. ಕಿಡಿ ಉದ್ದುದ್ದಕ್ಕೆ ಗೆರೆ ಎಳೆದಂತೆ ಹಾರಿದರೆ, ಕಾರ್ಬನ್ ಜಾಸ್ತಿ ಇರುವ ಉಕ್ಕಿನದು ಸುರುಸುರು ಬತ್ತಿಯ ಹಾಗೆ ಕವಲೊಡೆದು ಸಿಡಿಯುತ್ತದೆ. ಸಿಡಿಯಿತು. ರಾಯರ ಮುಖದಲ್ಲಿ ದೀಪಾವಳಿ. ಪಟ್ಟಿಯ ದಪ್ಪ ಮಾತ್ರ 8 ಮಿ.ಮೀ. ಪಕ್ಕದ ಕುಲುಮೆಯ ಮುದುಕ ಬೀಡಿ ಆರಿಸಿ ಕೇಳಿದ:

"ಏನ್ ಮಾಡ್ತೀರಾ ಸಾರ್ ಇದ್ರಲ್ಲಿ?"

"ತರಕಾರಿ ಚಾಕು."

"ಆನೆ ತಂದು ಇಲಿ ಕೆತ್ತೋಕೆ ಹೊರಟಿದ್ದೀರಲ್ಲ! ಕೊಡಿ, ಕಾಯಿಸಿ ಬಡಿದು ತೆಳ್ಳಗೆ ಮಾಡ್ಕೊಡ್ತೀನಿ. ಅರ್ಧ ಗಂಟೆ."

ರಾಯರು ಒಪ್ಪಲಿಲ್ಲ. ಬಡಿಯುವುದು ಬೇರೆ ಸಂಪ್ರದಾಯ, ತಾವು ಉಜ್ಜಿ ತೆಗೆಯುವ ಸಂಪ್ರದಾಯದವರು ಎಂದರು. ಅಡುಗೆಮನೆಯ ಚಾಕುವಿಗೆ 2 ಮಿ.ಮೀ. ಸಾಕು, ಕಾಡಿಗೆ ಒಯ್ಯುವುದಕ್ಕೆ 3ರಿಂದ 4, ಮೂಳೆ ಕಡಿಯುವ ಕತ್ತಿಗೆ 5ರ ಮೇಲೆ ಎಂಬ ಲೆಕ್ಕ ಅವರಿಗೆ ಬಾಯಿಪಾಠ. ಗೊತ್ತಿದ್ದೂ 8ರದ್ದನ್ನೇ ತಂದರು. ಇದು ಈ ಪಂಗಡದ ಲಕ್ಷಣ: ಬೇಕಾದ ದಪ್ಪದ ಉಕ್ಕು ತಂದುಬಿಟ್ಟರೆ ವಾರಾಂತ್ಯಗಳನ್ನು ಏನು ಮಾಡುವುದು?

ತಾರಸಿಯಲ್ಲಿ ಬೆಲ್ಟ್ ಗ್ರೈಂಡರ್ ಶುರುವಾಯಿತು. ರಾಯರು ಲಾಂಗ್ ಮಾಡುತ್ತಿದ್ದಾರೆಂದು ವಾಚ್‌ಮನ್ ಸುದ್ದಿ ಹಬ್ಬಿಸಿದ. ತಪ್ಪಲ್ಲ, ಅವನು ಶಿವರಾಜ್‌ಕುಮಾರ್ ಅಭಿಮಾನಿ. ಮುಕ್ಕಾಲು ಕಿಲೋ ಉಕ್ಕು ಆರು ವಾರದಲ್ಲಿ ಅರ್ಧ ಕಿಲೋಗೆ ಇಳಿಯಿತು. ಉಳಿದ ಕಾಲು ಕಿಲೋ ಎಲ್ಲಿ ಹೋಯಿತೆಂಬುದು ಮೊದಲ ಮಳೆಗೆ ತಿಳಿಯಿತು. ಕೆಳಗೆ ನಿಂತಿದ್ದ ಎರಡು ಬಿಳಿ ಕಾರುಗಳಿಗೆ ಮೈತುಂಬ ಕಂದು ಚುಕ್ಕೆ ಎದ್ದು, ಅಮ್ಮ ಆದಂತೆ ಕಂಡವು. ಅಸೋಸಿಯೇಷನ್ ಮೀಟಿಂಗಿನಲ್ಲಿ ರಾಯರು, ಅದು ತುಕ್ಕು ನಿಜ, ಆದರೆ ಉತ್ತಮ ದರ್ಜೆಯ ಸ್ಪ್ರಿಂಗ್ ಉಕ್ಕಿನ ತುಕ್ಕು ಎಂದು ಸಮಜಾಯಿಷಿ ಕೊಟ್ಟರು.

ಮಿಲ್ ಸ್ಕೇಲ್ ಪುರಾಣ ಇನ್ನೂ ದೊಡ್ಡದು. ಕಾಯಿಸಿ ಉರುಳೆಯಲ್ಲಿ ಒತ್ತಿದ ಉಕ್ಕಿನ ಮೈಮೇಲೆ ಕಪ್ಪು-ನೀಲಿ ಬಣ್ಣದ ಚಕ್ಕೆಯೊಂದು ಕಚ್ಚಿಕೊಂಡಿರುತ್ತದೆ, ಗಾಜಿನಷ್ಟು ಗಡಸು. ಅದರ ಮೇಲೆ ಅರ ಹಾಕಿದರೆ ಅರದ ಹಲ್ಲೇ ಹೋಗುತ್ತದೆ, ಬೆಲ್ಟು ಬೋಳಾಗುತ್ತದೆ. ಒಂದು ರಾತ್ರಿ ವಿನೆಗರಿನಲ್ಲಿ ನೆನೆಹಾಕಿದರೆ ಬೆಳಿಗ್ಗೆ ಕಪ್ಪು ಮಸಿಯಾಗಿ ಕೈಗೆ ಬರುತ್ತದೆ. ನೆನೆಹಾಕಲು ಅಷ್ಟುದ್ದದ ಪಾತ್ರೆ ಬೇಕಲ್ಲ? ಉಪ್ಪಿನಕಾಯಿ ಭರಣಿ ಇತ್ತು. ಬೆಳಿಗ್ಗೆ ಮುಚ್ಚಳ ತೆಗೆದ ತಾಯಿ, "ಇದೇನೋ, ಕಬ್ಬಿಣದ ಉಪ್ಪಿನಕಾಯಿ?" ಎಂದರು. ವಿಷಯ ತಿಳಿದ ಮೇಲೆ, "ಹುಣಸೆಹಣ್ಣು ಹಾಕಿ ತಿಕ್ಕಿದ್ರೆ ಆಗ್ತಿರ್ಲಿಲ್ವೇ?" ಅಂತಲೂ ಕೇಳಿದರು. ರಾಯರು ನಕ್ಕುಬಿಟ್ಟರು. ಹುಣಸೆಯಲ್ಲಿರುವುದೂ ಆಮ್ಲವೇ, ಅಮ್ಮ ಹೇಳಿದ್ದರಲ್ಲಿ ತಪ್ಪೇನಿದೆ ಎಂದು ನಾನು ಮೆಲ್ಲಗೆ ಅಂದದ್ದಕ್ಕೆ ಎರಡು ದಿನ ಮಾತು ಬಿಟ್ಟರು.

ಆಮೇಲೆ ಉಪ್ಪುಕಾಗದದ ಆರಾಧನೆ. 120, 220, 400, 600, 800, 1000, 2000. ಒಂದು ನಂಬರಿನಲ್ಲಿ ಉದ್ದಕ್ಕೆ ಉಜ್ಜಿದರೆ ಮುಂದಿನದರಲ್ಲಿ ಅಡ್ಡಕ್ಕೆ. ಆಗ ಹಿಂದಿನ ಗೀರು ಉಳಿದಿದ್ದರೆ ಕಣ್ಣಿಗೆ ಬೀಳುತ್ತದೆ. ಸಾವಿರಕ್ಕೆ ಬಂದಾಗ ಇನ್ನೂರಿಪ್ಪತ್ತರ ಒಂದು ಗೀರು ಕಂಡರೆ ಮತ್ತೆ ಇನ್ನೂರಿಪ್ಪತ್ತರಿಂದ ಶುರು. "ಊಟ ಆಯ್ತಾ?" ಎಂದು ಕೇಳಿದರೆ "ಆರುನೂರು" ಎನ್ನುತ್ತಿದ್ದರು. ನಡುನಡುವೆ ಉಪನ್ಯಾಸ ಬೇರೆ: 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪಿಯರ್ಸನ್ ಎಂಬ ವಿದ್ವಾಂಸ "ವೂಟ್ಸ್" ಎಂದು ಪ್ರಬಂಧ ಓದಿದ್ದು ನಮ್ಮ "ಉಕ್ಕು" ಪದವನ್ನು ತಿರುಚಿಯೇ ಎಂದೂ, 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಮೂಸೆಯಲ್ಲಿ ಉಕ್ಕು ಮಾಡುವುದನ್ನು ಬರೆದಿಟ್ಟಿದ್ದಾನೆಂದೂ. ಎಲ್ಲ ನಿಜ. ಆದರೆ ಆ ಉಕ್ಕು ಮಾಡಿದವರ ವಂಶದವನಿರಬಹುದಾದ ಮುದುಕ ಅರ್ಧ ಗಂಟೆ ಎಂದದ್ದನ್ನು ಮಾತ್ರ ಅವರು ನೆನೆಯಲಿಲ್ಲ. ಹದ ಹಾಕಿಸಲು ಕೊನೆಗೆ ಅದೇ ಕುಲುಮೆಗೆ ಹೋದರು, ಅದು ಬೇರೆ ಮಾತು.

2024ರ ಆಯುಧಪೂಜೆ. ಗ್ರೈಂಡರಿಗೆ ಕುಂಕುಮ, ವರ್ನಿಯರಿಗೆ ಹೂವು, ಹೊಸ ಚಾಕುವಿಗೆ ಬೂದುಗುಂಬಳದ ನೆತ್ತಿ ಕೊರೆಯುವ ಗೌರವ. ಬಾಯಿ ಎಷ್ಟು ಹರಿತವೆಂದರೆ ರಾಯರ ಎಡಗೈ ಕೂದಲೆಲ್ಲ ಬೋಳಾಗಿತ್ತು. ಮುಖ ನೋಡಿಕೊಳ್ಳುವಷ್ಟು ಹೊಳಪು. ಬೆನ್ನು ಮಾತ್ರ ಇನ್ನೂ 6 ಮಿ.ಮೀ.! ಉಜ್ಜಿ ಸುಸ್ತಾಗಿ ಅಲ್ಲಿಗೇ ಬಿಟ್ಟಿದ್ದರು. ಚಾಕು ಒಂದು ಬೆರಳಷ್ಟು ಇಳಿದು, ಸೌದೆಗೆ ಹೊಡೆದ ಆಪಿನಂತೆ ಕೂತುಬಿಟ್ಟಿತು. ಎಳೆದರು; ಕುಂಬಳಕಾಯಿಯೇ ಮೇಲೆ ಬಂತು. ರಾಯರು ಚಾಕು ಸಮೇತ ಕುಂಬಳವನ್ನು ಗದೆಯಂತೆ ಹಿಡಿದು ನಿಂತರು, ಮಕ್ಕಳು ಚಪ್ಪಾಳೆ ತಟ್ಟಿದವು. ವಾಚ್‌ಮನ್ ಹೆಂಡತಿ ಈರುಳ್ಳಿ ಹೆಚ್ಚುವ ಚಾಕು ತಂದು ನೆತ್ತಿಯನ್ನು ಬಿಲ್ಲೆಯಾಗಿ ತೆಗೆದು, ಕುಂಕುಮ ತುಂಬಿಸಿ, ಬಾಗಿಲ ಹತ್ತಿರ ಇಟ್ಟು ಹೋದಳು. ರಾಯರು ಹೂವು ಸಮೇತ ವರ್ನಿಯರ್ ತೆಗೆದು ಆ ಚಾಕುವಿಗೆ ಹಿಡಿದರು. 1.2.

ಸೋತ ಚಾಕುವನ್ನು ಮಟನ್ ಕಡಿಯಲು ಎರಡನೇ ಮಹಡಿಯವರಿಗೆ ದಾನ ಮಾಡಿದರು. ಅದು ಕೈ ಸೇರಿದ ವಾರವೇ 2025ರ ಏರೋ ಇಂಡಿಯಾ ಸಲುವಾಗಿ ಯಲಹಂಕ ವಾಯುನೆಲೆಯ ಸುತ್ತ 13 ಕಿ.ಮೀ. ಮಾಂಸ ಮಾರಾಟ ಬಂದ್. ವಿಮಾನಕ್ಕೆ ಹದ್ದು ಅಡ್ಡ ಬಂದೀತೆಂದು.

ಈಗ ಬೇರಿಂಗ್ ಉಕ್ಕಿನ, 2 ಮಿ.ಮೀ. ಪಟ್ಟಿ ತರಿಸಿದ್ದಾರೆ. ಕೊನೆಗೂ! ಅದರಲ್ಲಾದ ಚಾಕುವನ್ನು ಮೊನ್ನೆ ನನಗೇ ಕೊಟ್ಟರು. ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ನೆಲದ ಮೇಲಿಟ್ಟರು. ಕಬ್ಬಿಣ ಪುಕ್ಕಟೆ ಕೊಡಬಾರದೆಂದು ಅವರ ತಾಯಿ ನನ್ನಿಂದ ಒಂದು ರೂಪಾಯಿ ಕೊಡಿಸಿದರು. ನಿಜ ಹೇಳಬೇಕೆಂದರೆ ಚಾಕು ಚೆನ್ನಾಗಿತ್ತು; ಟೊಮೇಟೊ ತಾನಾಗಿಯೇ ಬಿಚ್ಚಿಕೊಳ್ಳುತ್ತಿತ್ತು. ನಾಲ್ಕನೆಯ ದಿನ ಬೆಲ್ ಆಯಿತು. ರಾಯರು ಒಳಗೆ ಬಂದು ಚಾಕುವನ್ನು ಟ್ಯೂಬ್‌ಲೈಟಿಗೆ ಹಿಡಿದು, ಓರೆಯಾಗಿಸಿ ನೋಡಿ, "ಇಲ್ಲೊಂದು ನಾನೂರರ ಗೀರು ಉಳಿದುಬಿಟ್ಟಿದೆ, ಎರಡು ನಿಮಿಷ" ಎಂದು ಒಯ್ದರು.

ತಿಂಗಳಾಯಿತು. ತಾರಸಿಯಿಂದ ಸದ್ದು ಕೇಳುತ್ತಲೇ ಇದೆ. ನನ್ನ ಒಂದು ರೂಪಾಯಿಯೂ ಅಲ್ಲೇ ಇದೆ.