ಚಾಂಪಿಯನ್ ರೀಫ್ಸ್‌ನಿಂದ ದೋಣಿ ರಿಪೇರಿ

ನಮ್ಮ ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸ್‌ನಲ್ಲಿ ನೆಲದೊಳಗೆ ಮೂರು ಕಿಲೋಮೀಟರ್ ಇಳಿದು ಬಂದವರು ಸಿಗುತ್ತಾರೆ; ದೋಣಿ ಹತ್ತಿದವರನ್ನು ಹುಡುಕಬೇಕು. ಇಂಥ ಊರಿಗೆ ಮಲ್ಪೆಯಿಂದ ಭಾವನ ಫೋನು: "ಔಟ್‌ಬೋರ್ಡ್ ಎಂಜಿನ್ನು ಕೆಮ್ಮಿ ಕೆಮ್ಮಿ ನಿಲ್ತದೆ ಮಾರಾಯ. ನಿಮ್ಮಲ್ಲಿ ಮನೆಗೊಬ್ಬ ಫಿಟ್ಟರ್ ಅಲ್ವಾ?"

ಪಕ್ಕದ ಮನೆಯ ತಾತನಿಗೆ ಫೋನ್ ಕೊಟ್ಟೆ. 2001ರಲ್ಲಿ ಗಣಿ ಮುಚ್ಚಿದಾಗಿನಿಂದ ಅವರ ಕೈ ಸ್ಪ್ಯಾನರಿಗಾಗಿ ತುರಿಸುತ್ತಲೇ ಇದೆ.

"ಸೀಮೆಎಣ್ಣೆ ಸೋರುತ್ತಾ?"

"ಒಂದು ಹನಿಯೂ ಇಲ್ಲ."

"ಹಾಗಾದರೆ ಪೈಪೇ ತೂತು!"

ಭಾವ ನಕ್ಕ. ತಾತ ನಗಲಿಲ್ಲ. ಪಂಪು ಎಣ್ಣೆಯನ್ನು ಎಳೆದುಕೊಳ್ಳುವ ಕಡೆ ರಬ್ಬರ್ ಸೀಳಿದರೆ ಎಣ್ಣೆ ಹೊರಬರಬೇಕೆಂದೇನಿಲ್ಲ, ಗಾಳಿ ಒಳಹೋಗುತ್ತದೆ. ಎಂಜಿನ್ನಿಗೆ ಹೊಟ್ಟೆ ತುಂಬ ಗಾಳಿ! ಕೈಪಂಪಿನ ಬಲ್ಬು ಒತ್ತಿ ನೋಡು, ಗಟ್ಟಿಯಾಗದಿದ್ದರೆ ಹೊಸ ಪೈಪು, ಹೊಸ ಕ್ಲಿಪ್ಪು. ಟೇಪು ಸುತ್ತುವ ಪುಣ್ಯಕಾರ್ಯ ಬೇಡ ಅಂದರು.

ಸಂಜೆಗೆ ದೋಣಿ ಓಡಿತು. ಬಂಗುಡೆ ಕಳಿಸ್ತೇನೆ ಅಂದ ಭಾವ.

ತಾತ ಮಾತ್ರ ನಮ್ಮ ಮೊಪೆಡ್ ಕೆಳಗಿನ ಪೆಟ್ರೋಲ್ ಕಲೆಯನ್ನೇ ದಿಟ್ಟಿಸುತ್ತಿದ್ದರು. ಆ ತೂತಿಗೆ ಬಟ್ಟೆ ಸೋಪು ಮೆತ್ತಿ ಮೂರು ತಿಂಗಳಾಗಿತ್ತು.