ಒಂದು ಸೆಟ್ ಎಂದರೆ ಎಷ್ಟು?

ಹೋಟೆಲಿನಲ್ಲಿ ಒಂದು ಸೆಟ್ ಎಂದರೆ 3. ಮದುವೆ ಉಡುಗೊರೆಯಲ್ಲಾದರೆ 7. ಹಲ್ಲಿನ ಡಾಕ್ಟರ ಹತ್ತಿರ 28. ಹೊಲದ ಬೋರ್‌ವೆಲ್ಲಿನಲ್ಲಿ ಒಂದೇ ಒಂದು, ಅದೂ ಬೇಸಿಗೆಯಲ್ಲಿ ಸುಟ್ಟುಹೋಗಿರುತ್ತದೆ.

ಇಂಗ್ಲಿಷಿನಿಂದ ನಮ್ಮಲ್ಲಿಗೆ ಬಂದ ಬಸ್ಸು, ರೈಲು, ಪೆನ್ನು ಇವೆಲ್ಲ ಮರ್ಯಾದಸ್ಥ ಪದಗಳು. ಬಂದ ದಿನ ಏನಾಗಿದ್ದವೋ ಇವತ್ತಿಗೂ ಅದೇ ಆಗಿವೆ. ಈ ‘ಸೆಟ್’ ಮಾತ್ರ ಅಡುಗೆಮನೆ, ಅಟ್ಟ, ಹೊಲ, ಕಚೇರಿ, ಕೊನೆಗೆ ಅಜ್ಜನ ಬಾಯಿಯನ್ನೂ ಬಿಡದೆ ಹೊಕ್ಕಿತು. ಹೊಕ್ಕ ಕಡೆಯೆಲ್ಲ ಬೇರೆ ಬೇರೆ ಲೆಕ್ಕ ಹೇಳಿತು.

ತವರುಮನೆಯಲ್ಲೂ ಅದರ ನಡವಳಿಕೆ ಹೀಗೇ ಇತ್ತಂತೆ. 1989ರಲ್ಲಿ 20 ಸಂಪುಟಗಳಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಅತಿ ಉದ್ದದ ವಿವರಣೆ ಸಿಕ್ಕಿದ್ದು ಇದಕ್ಕೇ. ಕ್ರಿಯಾಪದವಾಗಿಯೇ 430 ಅರ್ಥ. ಅವನ್ನು ವಿವರಿಸಲು ಸುಮಾರು 60,000 ಪದಗಳು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲಿ ಒಟ್ಟು ಇರುವುದೇ ಸುಮಾರು 70,000 ಪದಗಳು. ಒಂದು ಇಡೀ ಭಾಷೆಗೆ ಸಾಕಾಗುವಷ್ಟು ಮಾತನ್ನು ಇಂಗ್ಲಿಷಿನವರು ಮೂರಕ್ಷರದ ಒಂದು ಪದಕ್ಕೆ ಖರ್ಚು ಮಾಡಿದರು. ಅದರ ಮೂಲವನ್ನು ಕೆದಕಿದರೆ ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ‘ಕೂರಿಸು’ ಎಂದರ್ಥ. ಗುಂಪು ಎಂಬರ್ಥದ ‘ಸೆಟ್’ ಹಳೆಯ ಫ್ರೆಂಚ್ ಕಡೆಯಿಂದ ಬಂದದ್ದು. ಬೇರೆ ಬೇರೆ ಊರಿನ ಇಬ್ಬರು ಒಂದೇ ಹೆಸರಿನಲ್ಲಿ ಒಂದೇ ಮನೆ ಸೇರಿ ಸಂಸಾರ ಹೂಡಿದ್ದಾರೆ. ನಿಘಂಟಿನ ಹೊಸ ಪರಿಷ್ಕರಣೆಯಲ್ಲಿ ‘ರನ್’ ಎಂಬ ಪದ 645 ಅರ್ಥಗಳೊಂದಿಗೆ ಇದನ್ನು ಹಿಂದೆ ಹಾಕಿತು. ಅದರಲ್ಲಿ ಆಶ್ಚರ್ಯವೇನಿಲ್ಲ. ಕೂತವನನ್ನು ಓಡುವವನು ಯಾವತ್ತಾದರೂ ದಾಟಲೇಬೇಕಲ್ಲ!

ನಮ್ಮವರಿಗೆ 430 ಅರ್ಥ ಬೇಕಾಗಲಿಲ್ಲ. ನಮ್ಮದು ಒಂದೇ ಪ್ರಶ್ನೆ: ಸೆಟ್ ಅಂದರೆ ಎಷ್ಟು?

ಸೆಟ್ ದೋಸೆಯಿಂದಲೇ ಶುರುಮಾಡೋಣ. ಒಂದರ ಮೇಲೊಂದು ಒರಗಿದ ಮೂರು ಮೆತ್ತನೆಯ ದೋಸೆ, ಪಕ್ಕದಲ್ಲಿ ಸಾಗು, ಚಟ್ನಿ. ಮೂರು ಎಂಬುದು ಯಾವ ಶಾಸನದಲ್ಲೂ ಬರೆದಿಲ್ಲ, ಆದರೆ ಎಲ್ಲರಿಗೂ ಗೊತ್ತು. ಇತ್ತೀಚೆಗೆ ಕೆಲವು ಕಡೆ ತಟ್ಟೆಯಲ್ಲಿ ಎರಡೇ ಬರುತ್ತಿವೆ.

“ಸೆಟ್ ಅಂದ್ರೆ ಮೂರಲ್ವೇನಪ್ಪಾ?”

“ಇಲ್ಲಿ ಎರಡು ಸಾರ್. ಮೂರನೇದು ಎಕ್ಸ್‌ಟ್ರಾ.”

ಹೀಗೆ ಹೇಳುವಾಗ ಆ ಹುಡುಗನ ಮುಖದಲ್ಲಿ ಅಳುಕಿನ ಸುಳಿವೂ ಇರುವುದಿಲ್ಲ. ಸೆಟ್ಟಿನ ಮೊದಲ ನಿಯಮ ಇದು: ಎಷ್ಟು ಎಂದು ತೀರ್ಮಾನಿಸುವವನು ಕೊಡುವವನು, ತಿನ್ನುವವನದ್ದು ಬಿಲ್ ಕೊಡುವ ಕೆಲಸ ಮಾತ್ರ.

ಇನ್ನು ಮದುವೆಮನೆಯ ಲೆಮನ್ ಸೆಟ್. ಒಂದು ಜಗ್ಗು, ಆರು ಗಾಜಿನ ಲೋಟ, ಒಟ್ಟು 7. ಗೋಡೆ ಗಡಿಯಾರದ ಜೊತೆ ಪೈಪೋಟಿಗೆ ಬಿದ್ದು ಕರ್ನಾಟಕದ ಅದೆಷ್ಟೋ ದಾಂಪತ್ಯಗಳಿಗೆ ನಾಂದಿ ಹಾಡಿದ ವಸ್ತು. ಇದರಲ್ಲಿ ನಿಂಬೆಹಣ್ಣಿನ ಪಾನಕ ಮಾಡಿ ಕುಡಿದವರನ್ನು ನಾನಂತೂ ಕಂಡಿಲ್ಲ. ಬಂದ ಉಡುಗೊರೆಯಲ್ಲಿ ಒಂದು ಸೆಟ್ ಷೋಕೇಸಿನಲ್ಲಿ ಕೂರುತ್ತದೆ, ಮಿಕ್ಕವು ಡಬ್ಬಿಯಲ್ಲೇ ಅಟ್ಟಕ್ಕೆ ಹೋಗುತ್ತವೆ. ಮುಂದಿನ ಮದುವೆ ಬಂದಾಗ ನಮ್ಮತ್ತಿಗೆ ಅಟ್ಟಕ್ಕೆ ಏಣಿ ಹಾಕಿಸುತ್ತಾರೆ. ಹೊಸ ಬಣ್ಣದ ಕಾಗದ ಸುತ್ತುವ ಮೊದಲು ಡಬ್ಬಿಯ ಒಳಗೆ, ಹೊರಗೆ, ಥರ್ಮೋಕೋಲಿನ ಸಂದಿಯಲ್ಲಿ ಹಳೆಯ ಹೆಸರಿನ ಚೀಟಿ ಉಳಿದಿದೆಯೇ ಎಂದು ಕನ್ನಡಕ ಏರಿಸಿ ತಪಾಸಣೆ ನಡೆಸುತ್ತಾರೆ. ಯಾರು ಕೊಟ್ಟರೋ ಅವರ ಮನೆಗೇ ಅದು ವಾಪಸು ಹೋಗಬಾರದು ಎಂಬುದಷ್ಟೇ ಈ ವ್ಯವಹಾರದ ನೀತಿ. ಷೋಕೇಸಿನಲ್ಲಿದ್ದ ಒಂದು ಲೋಟ ಧೂಳು ಒರೆಸುವಾಗ ಕೈಜಾರಿ ಬಿದ್ದರೆ ಮನೆಯಲ್ಲಿ ಕೇಳಿಬರುವ ಉದ್ಗಾರ, “ಅಯ್ಯೋ, ಸೆಟ್ಟೇ ಹಾಳಾಯ್ತು!” ಒಡೆದದ್ದು ಒಂದು, ಹಾಳಾದದ್ದು ಏಳು. ಇದು ಸೆಟ್ಟಿನ ಎರಡನೆಯ ನಿಯಮ.

ಈ ನಿಯಮವನ್ನು ಚೆನ್ನಾಗಿ ಬಲ್ಲವರು ಒಡವೆ ಅಂಗಡಿಯವರು. ನೀವು ಒಂದು ಸರ ನೋಡಲು ಹೋಗಿರುತ್ತೀರಿ. “ಇದು ಸೆಟ್ಟು ಮೇಡಂ, ಬಿಡಿ ಕೊಡಲ್ಲ” ಎಂದು ಓಲೆ, ಜುಮುಕಿ, ಬೈತಲೆ ಬೊಟ್ಟು, ಉಂಗುರ ಎಲ್ಲವನ್ನೂ ಸಾಲಾಗಿ ಜೋಡಿಸಿಡುತ್ತಾರೆ. ಯಜಮಾನರು ಹೊರಗೆ ಹೋಗಿ ನಿಂತು ಟ್ರಾಫಿಕ್ಕನ್ನು ಆಸಕ್ತಿಯಿಂದ ಗಮನಿಸತೊಡಗುತ್ತಾರೆ.

ಊರ ಜಾತ್ರೆಯ ಮೈಕ್‌ಸೆಟ್ಟಿನ ಲೆಕ್ಕವೇ ಬೇರೆ. ಎರಡು ಹಾರನ್, ಒಂದು ಆಂಪ್ಲಿಫಯರ್, ಒಂದು ಮೈಕು, ಅದಕ್ಕೆ ಬೆರಳಲ್ಲಿ ತಟ್ಟಿ “ಹಲೋ, ಮೈಕ್ ಟೆಸ್ಟಿಂಗ್” ಎನ್ನುವ ಒಬ್ಬ ಮನುಷ್ಯ. ಆ ಮನುಷ್ಯನೂ ಸೆಟ್ಟಿನ ಭಾಗ. ಅವನು ಊಟಕ್ಕೆ ಹೋದರೆ ಅಧ್ಯಕ್ಷರ ಭಾಷಣಕ್ಕೆ ದನಿ ಇಲ್ಲ. ಬೋರ್‌ವೆಲ್ಲಿಗೆ ಇಳಿಸಿದ್ದನ್ನು ರೈತ ‘ಮೋಟ್ರು’ ಎನ್ನುತ್ತಾನೆ, ವಿದ್ಯುತ್ ಕಚೇರಿಯವರು ‘ಐಪಿ ಸೆಟ್’ ಎನ್ನುತ್ತಾರೆ. 10 ಎಚ್‌ಪಿವರೆಗಿನ ಸೆಟ್ಟಿಗೆ ಸರ್ಕಾರ ಕರೆಂಟನ್ನು ಪುಕ್ಕಟೆ ಕೊಡುತ್ತದೆ. ಕರೆಂಟು ಬರುವ ಹೊತ್ತನ್ನು ಮಾತ್ರ ಸೆಟ್ ಮಾಡಿಕೊಟ್ಟಿಲ್ಲ. ಅದಕ್ಕೇ ರೈತರು ಅಪರಾತ್ರಿಯಲ್ಲಿ ಟಾರ್ಚು ಹಿಡಿದು ಹೊಲಕ್ಕೆ ಹೋಗುತ್ತಾರೆ.

ನಮ್ಮಜ್ಜನಿಗೆ ಸೆಟ್ ಎಂದರೆ ಹಲ್ಲು. ಯಾರಾದರೂ ಮಾತಾಡಿಸಲು ಬಂದರೆ, “ಇರಪ್ಪಾ, ಸೆಟ್ಟು ಹಾಕ್ಕೊಂಡು ಬಂದೆ” ಎಂದು ಒಳಗೆ ಹೋಗುತ್ತಿದ್ದರು. ಅದನ್ನು ಹಾಕಿಕೊಂಡರೆ ‘ಶ’ಕಾರ ಸರಿಯಾಗಿ ಬರುತ್ತಿತ್ತು, ಚಕ್ಕುಲಿ ಬರುತ್ತಿರಲಿಲ್ಲ. ತೆಗೆದಿಟ್ಟರೂ ಚಕ್ಕುಲಿ ಬರುತ್ತಿರಲಿಲ್ಲವೆನ್ನಿ.

ಗಾಂಧಿನಗರದವರ ಕೊಡುಗೆಯನ್ನು ಮರೆಯುವಂತಿಲ್ಲ. ಇಂಗ್ಲಿಷಿನಲ್ಲಿ ಸೂರ್ಯ ಸೆಟ್ ಆದರೆ ಇಳಿದ ಎಂದರ್ಥ. ಕನ್ನಡದಲ್ಲಿ ಸಿನಿಮಾ ‘ಸೆಟ್ಟೇರುತ್ತದೆ’! ತಮಟೆ, ತೆಂಗಿನಕಾಯಿ, ಕ್ಲಾಪ್‌ಬೋರ್ಡು, ಹಾರಗಳ ನಡುವೆ ಸಕಲ ವೈಭವದಿಂದ ಏರುತ್ತದೆ. ದೇವರು ಉತ್ಸವಕ್ಕೆ ಪಲ್ಲಕ್ಕಿ ಏರುವ ಗತ್ತು ಈ ಒಂದು ಕ್ರಿಯಾಪದದಲ್ಲಿದೆ. ಏರಿದವೆಲ್ಲ ತೆರೆಗೆ ಇಳಿಯಲೇಬೇಕೆಂದೇನೂ ಇಲ್ಲ. ಸೆಟ್ಟೇರಿದ ಮೇಲೆ ಸದ್ದಿಲ್ಲದೆ ಅಲ್ಲೇ ಕೂತ ಚಿತ್ರಗಳೂ ಉಂಟು. ‘ಕೂರಿಸು’ ಎಂಬ ಮೂಲಾರ್ಥಕ್ಕೆ ಅವು ನಿಷ್ಠೆ ತೋರಿಸಿದವು ಎಂದುಕೊಳ್ಳೋಣ.

ಟೆನಿಸ್ಸಿನಲ್ಲಾದರೂ ಲೆಕ್ಕ ಖಚಿತವಿದ್ದೀತು ಎಂದರೆ ಅದೂ ಇಲ್ಲ. ಆರು ಗೇಮು ಗೆದ್ದರೆ ಒಂದು ಸೆಟ್, ಆದರೆ ಪಂದ್ಯದ ಕೊನೆಯ ಸೆಟ್ಟಿಗೆ ಆಗೆಲ್ಲ ಎರಡು ಗೇಮಿನ ಅಂತರ ಬೇಕೇ ಬೇಕಿತ್ತು. ಆ ಒಂದು ‘ಆದರೆ’ಯ ದೆಸೆಯಿಂದ 2010ರ ವಿಂಬಲ್ಡನ್ನಿನಲ್ಲಿ ಜಾನ್ ಇಸ್ನರ್ ಮತ್ತು ನಿಕೊಲಾ ಮಾಹು ಮೂರು ದಿನಗಳಲ್ಲಿ 11 ಗಂಟೆ 5 ನಿಮಿಷ ಆಡಿದರು. ಕೊನೆಯ ಸೆಟ್ಟು 70-68ಕ್ಕೆ ಮುಗಿಯಿತು. ಸ್ಕೋರ್ ಬೋರ್ಡು 47-47ಕ್ಕೇ ‘ಇನ್ನು ನನ್ನಿಂದಾಗದು’ ಎಂದು ಕೈಚೆಲ್ಲಿತ್ತು. ನಮ್ಮ ಕೊಡಗಿನ ರೋಹನ್ ಬೋಪಣ್ಣ ವಾಸಿ. 2024ರ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಫೈನಲ್ಲನ್ನು 43ನೆಯ ವಯಸ್ಸಿನಲ್ಲಿ ಎರಡೇ ಸೆಟ್ಟಿನಲ್ಲಿ ಮುಗಿಸಿದರು. ಆ ವಯಸ್ಸಿನಲ್ಲಿ ನಮ್ಮಂಥವರು ಸೋಫಾ ಸೆಟ್ಟಿನಿಂದ ಏಳುವುದೇ ಒಂದು ಪಂದ್ಯ.

ಈಗಿನ ಹುಡುಗರ ಬಾಯಲ್ಲಿ ಈ ಪದ ಮತ್ತೊಂದು ಜನ್ಮ ಎತ್ತಿದೆ. ನಮ್ಮಕ್ಕನ ಮಗಳಿಗೆ ಗಂಡು ನೋಡುತ್ತಿದ್ದರು. ಜಾತಕದಲ್ಲಿ 36ಕ್ಕೆ 28 ಗುಣ ಕೂಡಿತ್ತು. ಅಜ್ಜಿ ಆಗಲೇ ಮನಸ್ಸಿನಲ್ಲಿ ಚಪ್ಪರ ಹಾಕಿಸಿಬಿಟ್ಟಿದ್ದರು. ಹುಡುಗಿ ಕಾಫಿ ಕುಡಿದು ಬಂದು, “ಒಳ್ಳೇವ್ರೇ ಅಜ್ಜಿ. ಆದ್ರೆ ಸೆಟ್ ಆಗಲ್ಲ” ಎಂದಳು.

“ಯಾವುದೇ ಸೆಟ್ ಆಗಲ್ಲ? ಕೆಲಸ ಇದೆ, ಮನೆ ಇದೆ...”

“ಅದಲ್ಲ ಅಜ್ಜಿ, ಒಟ್ನಲ್ಲಿ ಸೆಟ್ ಆಗಲ್ಲ.”

“28 ಗುಣ ಕೂಡಿದೆಯಲ್ಲೇ!”

“ಉಳಿದ ಎಂಟೇ ನಂಗೆ ಬೇಕಾಗಿದ್ದು.”

ಇದಕ್ಕೆ ಉತ್ತರ ಪಂಚಾಂಗದಲ್ಲಿಲ್ಲ. ನಮ್ಮ ಓಣಿಯಲ್ಲಿ ಇನ್ನೊಬ್ಬ ಹುಡುಗ ಇದ್ದಾನೆ, ಎಂ.ಎ. ಮುಗಿಸಿ ಉಪನ್ಯಾಸಕರ ಅರ್ಹತಾ ಪರೀಕ್ಷೆಗೆ ಓದುತ್ತಿದ್ದವನು. ಮೊನ್ನೆ ಸಿಕ್ಕಾಗ ಏನಾಯ್ತಪ್ಪಾ ಎಂದೆ. “ಕೆ-ಸೆಟ್ ಆಯ್ತು ಸಾರ್, ಲೈಫ್ ಸೆಟ್ ಆಗ್ಲಿಲ್ಲ” ಎಂದ. ಅರ್ಹತೆ ಕೊಡುವವರು ಬೇರೆ, ಕೆಲಸ ಕೊಡುವವರು ಬೇರೆ ಎಂಬ ಇಡೀ ಕಥೆಯನ್ನು ಅವನು ಒಂದೇ ಸಾಲಿನಲ್ಲಿ ಮುಗಿಸಿದ್ದ.

ಎಲ್ಲರಿಗಿಂತ ಪ್ರಾಮಾಣಿಕರು ಗಣಿತದವರು. ನಮ್ಮ ಪಠ್ಯದಲ್ಲಿ ಸೆಟ್ಟಿಗೆ ‘ಗಣ’ ಎನ್ನುತ್ತಾರೆ. ಏನೂ ಇಲ್ಲದಿದ್ದರೂ ಅದು ಗಣವೇ, ಶೂನ್ಯ ಗಣ. ಅಷ್ಟೇ ಅಲ್ಲ, ಅದು ಎಲ್ಲ ಗಣಗಳ ಉಪಗಣ ಕೂಡ. ಮೇಷ್ಟರು ಇದನ್ನು ಕಲಿಸುವಾಗ ನಮಗೆ ತಲೆಬುಡ ಗೊತ್ತಾಗಲಿಲ್ಲ. ಮುಂದೆ ಸರ್ಕಾರಿ ಕಚೇರಿಗಳಿಗೆ ಅಲೆಯತೊಡಗಿದ ಮೇಲೆ, ಮಧ್ಯಾಹ್ನ ಎರಡೂವರೆಗೆ ಖಾಲಿ ಕುರ್ಚಿಯ ಮುಂದೆ ನಿಂತಾಗ ಸ್ಪಷ್ಟವಾಯಿತು. ಒಳಗೆ ಯಾರೂ ಇಲ್ಲದಿದ್ದರೂ ಅದು ಕೌಂಟರೇ.

ಕಚೇರಿಗೆ ಬಂದ ಮೇಲೆ ಸೆಟ್ಟಿನ ನಿಜವಾದ ವಿಶ್ವರೂಪ ದರ್ಶನ. “ಒಂದು ಸೆಟ್ ಜೆರಾಕ್ಸ್ ಕೊಡಿ” ಎನ್ನುತ್ತಾರೆ. ಒಂದು ಸೆಟ್ ಎಂದರೆ ಆಧಾರ್, ಪಡಿತರ ಚೀಟಿ, ಪಹಣಿ, ಎರಡು ಫೋಟೊ. ಕೊಟ್ಟರೆ, ಅದರಲ್ಲಿ ಆದಾಯ ಪ್ರಮಾಣಪತ್ರ ಯಾಕಿಲ್ಲ ಎಂಬ ಪ್ರಶ್ನೆ. ಅದನ್ನೂ ಸೇರಿಸಿ ತಂದರೆ, “ಇದು ನಮಗಾಯ್ತು. ಸಾಹೇಬರಿಗೆ ಒಂದು ಸೆಟ್?” ಅದನ್ನೂ ಕೊಟ್ಟರೆ, “ತಾಲ್ಲೂಕಿಗೆ ಕಳಿಸೋಕೆ?” ಇವರ ಸೆಟ್ಟಿನಲ್ಲಿ ಎಷ್ಟು ಕಾಗದ, ಅಂಥ ಸೆಟ್ಟುಗಳು ಎಷ್ಟು ಎಂಬೆರಡೂ ಅಳತೆಗೆ ಸಿಗುವುದಿಲ್ಲ. ಅನಂತ ಗಣಗಳಲ್ಲೂ ಚಿಕ್ಕದು, ದೊಡ್ಡದು ಇವೆ ಎಂದು ಜರ್ಮನಿಯ ಗಣಿತಜ್ಞ ಕ್ಯಾಂಟರ್ ಸಾಧಿಸಿ ತೋರಿಸಿದ್ದ. ನಮ್ಮ ತಾಲ್ಲೂಕು ಕಚೇರಿಗೆ ಒಮ್ಮೆ ಅರ್ಜಿ ಹಿಡಿದು ಬಂದಿದ್ದರೆ ಅವನಿಗೆ ಅಷ್ಟು ತಲೆ ಕೆಡಿಸಿಕೊಳ್ಳುವ ಅಗತ್ಯ ಬೀಳುತ್ತಿರಲಿಲ್ಲ.

ಈ ಇಡೀ ವಿಷಯದಲ್ಲಿ ನಿಘಂಟಿನವರಿಗಿಂತ ತಿಳಿದವನೆಂದರೆ ಕಚೇರಿ ಎದುರಿನ ಮರದಡಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡ ಹುಡುಗ. ಕಾಗದ ಕೈಗೆ ತೆಗೆದುಕೊಂಡ ಕೂಡಲೇ ಅವನು ಎಷ್ಟು ಬೇಕು ಎಂದು ಕೇಳುವುದಿಲ್ಲ, ಯಾವ ಕೌಂಟರ್ ಎಂದು ಕೇಳುತ್ತಾನೆ. ಮೂರು ಎಂದವರಿಗೆ ಐದು ಮಾಡಿ ಕೈಗಿಟ್ಟು ಹೇಳುತ್ತಾನೆ: “ಇಟ್ಕೊಂಡಿರಿ ಸಾರ್, ಒಳಗೆ ಕೇಳ್ತಾರೆ.” ಕೇಳದೆ ಬಿಟ್ಟದ್ದನ್ನು ನಾನಂತೂ ಇದುವರೆಗೆ ನೋಡಿಲ್ಲ.